ಬೆಳದಿಂಗಳ ಬಾಲೆಯನ್ನು ಕೊಂದವರು ಯಾರು?

ಭಾಗ 1

ಮೊದಲೇ ಹೇಳಿಬಿಡ್ತೀನಿ, ಈ ಸರಣಿಯಲ್ಲಿ ಸ್ಪಾಯ್ಲರ್ ಇದೆ. ಮೂವತ್ತು ವರ್ಷ ಹಳೆಯ ಸಿನಿಮಾ, ಅದಕ್ಕಿಂತ ಹಳೆಯ ಕಾದಂಬರಿ. ಇನ್ನೂ ನೋಡದೆ, ಓದದೆ ಉಳಿದವರಿದ್ರೆ ಇಲ್ಲೇ ನಿಲ್ಲಿಸಿ, ಮುಗಿಸಿಕೊಂಡು ಬರ್ರಿ.

ಹೋದ ಸಲ ಅಣೆಕಟ್ಟಿನ ಬಗ್ಗೆ ಬರೆದಾಗ ನಮ್ಮ ಕ್ಲಾಸಿನವನೊಬ್ಬ "ಕಲ್ಲು ಮಣ್ಣಿನ ಇತಿಹಾಸ ಸಾಕಲೇ, ಮನುಷ್ಯಾರ್ದು ಏನರ ಬರಿ" ಅಂದ. ತಗೋ ಹಂಗಾರ, ಈ ಸಲ ನಮ್ಮ ಮನೆ ಜಗಳ.

ನಮ್ಮವ್ವ ಸಿಂಧನೂರಿನಲ್ಲಿ, ಅವಳ ಅಕ್ಕ, ಅಂದ್ರೆ ನಮ್ಮ ದೊಡ್ಡವ್ವ, ಲಿಂಗಸುಗೂರಿನಲ್ಲಿ. ಇಬ್ಬರೂ ಒಂದು ಕಡೆ ಸೇರಿದಾಗ ಟಿವಿಯಲ್ಲಿ 'ಬೆಳದಿಂಗಳ ಬಾಲೆ' ಬಂತು ಅಂದ್ರೆ ಅವತ್ತು ರೊಟ್ಟಿ ಹೆಂಚಿನ ಮೇಲೇ ಸೀದು ಹೋಗುತ್ತೆ.

"ಸಿನಿಮಾದವ್ರು ಆಕಿನ್ನ ಸುಮ್‌ಸುಮ್ನ ಕೊಂದ್ರು. ಪುಸ್ತಕದಾಗ ಆಕಿ ಸತ್ತಿಲ್ಲ" ಅಂತಾಳೆ ದೊಡ್ಡವ್ವ.

"ಅಕ್ಕಾ, ಪುಸ್ತಕದಾಗೂ ಸಾಯ್ತಾಳ. ನಾ ಓದೀನಿ."

"ನೀ ಓದಾಕ ಮೊದ್ಲ ನಾ ಓದೀನಿ. ನನಗ ಹೇಳಬ್ಯಾಡ."

ಇಬ್ಬರೂ ಓದಿದವರೇ, ಇಬ್ಬರೂ ಸುಳ್ಳು ಹೇಳೋರಲ್ಲ. ಚಿಕ್ಕವನಿದ್ದಾಗಿಂದ ಈ ಜಗಳ ಕೇಳಿಕೊಂಡೇ ಬೆಳೆದಿದ್ದೀನಿ. ಈ ಸೆಮಿಸ್ಟರ್ ರಜೆಯಲ್ಲಿ ಇದರ ಬುಡಕ್ಕೇ ಹೋಗೋಣ ಅಂತ ಕೂತೆ.

ಭಾಗ 2

'ಬೆಳದಿಂಗಳ ಬಾಲೆ' ಮೂಲದಲ್ಲಿ ತೆಲುಗು ಕಾದಂಬರಿ, 'ವೆನ್ನೆಲ್ಲೋ ಆಡಪಿಲ್ಲ'. ಬರೆದವರು ಯಂಡಮೂರಿ ವೀರೇಂದ್ರನಾಥ್. 1948ರಲ್ಲಿ ಹುಟ್ಟಿದವರು, ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ. ಹೌದು ಬಿಕಾಂ ಮಂದಿ, ಸಿಎ! ನಾವಿಲ್ಲಿ ಓವರ್‌ಹೆಡ್ ಹಂಚೋದರಲ್ಲೇ ಬೆವರು ಸುರಿಸ್ತೀವಿ, ಆ ಮನುಷ್ಯ ಲೆಕ್ಕ ಬಿಟ್ಟು ಇಡೀ ಆಂಧ್ರದ ನಿದ್ದೆ ಕೆಡಿಸಿದರು. ಓದುವಾಗ ಲೆಕ್ಕದವರ ಕೈ ಅಂತ ಗೊತ್ತಾಗುತ್ತೆ. ಮೊದಲು ಸುಮ್ಮನೆ ಬಿಟ್ಟುಹೋದ ಒಂದು ಮಾತು ನೂರು ಪುಟ ಆದಮೇಲೆ ಬಂದು ಟ್ಯಾಲಿ ಆಗುತ್ತೆ.

ಕಥೆ ಸರಳ. ರೇವಂತ್ ಒಬ್ಬ ಚೆಸ್ ಗ್ರ್ಯಾಂಡ್‌ಮಾಸ್ಟರ್. ಒಬ್ಬ ಅಪರಿಚಿತ ಹುಡುಗಿ ಅವನಿಗೆ ಫೋನ್ ಮಾಡ್ತಾಳೆ. ತಾನು ಯಾರು, ಎಲ್ಲಿಂದ ಮಾತಾಡ್ತಿದ್ದೀನಿ ಅಂತ ಹೇಳಲ್ಲ. ಸುಳಿವು ಕೊಡ್ತಾಳೆ, ಕಂಡುಹಿಡಿ ಅಂತಾಳೆ. ಕೊಲೆ ಇಲ್ಲ, ಪೊಲೀಸ್ ಇಲ್ಲ, ಆದರೂ ಪುಸ್ತಕ ಕೆಳಗಿಡೋಕೆ ಆಗಲ್ಲ. ಭಾರತಕ್ಕೆ ವಿಶ್ವನಾಥನ್ ಆನಂದ್ ರೂಪದಲ್ಲಿ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದೇ 1988ರಲ್ಲಿ. ಅಂಥ ಕಾಲಕ್ಕೆ ಚೆಸ್ ಆಡೋ ಹೀರೋ ಅಂದ್ರೆ ಸಣ್ಣ ಮಾತಲ್ಲ.

ಯಂಡಮೂರಿಯವರನ್ನ ಕನ್ನಡಕ್ಕೆ ತಂದವರಲ್ಲಿ ವಂಶಿ, ರಾಜಾ ಚೆಂಡೂರ್ ಮುಖ್ಯರು. ಆದರೆ ನಮ್ಮ ಸಿಂಧನೂರಿಗೆ ಅನುವಾದದ ದಾರಿ ಒಂದೇ ಅಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆ ನೀರು ಬಂದಮೇಲೆ ಆಂಧ್ರದ ಕರಾವಳಿ ಕಡೆಯ ರೈತರು ಇಲ್ಲಿ ಭೂಮಿ ಹಿಡಿದು ಕ್ಯಾಂಪ್ ಕಟ್ಟಿದರು. ಭತ್ತದ ಜೊತೆ ತೆಲುಗು ವಾರಪತ್ರಿಕೆಗಳೂ ಬಂದವು. ಅದಕ್ಕೂ ಮೊದಲು, 1956ರವರೆಗೆ, ನಾವು ಹೈದರಾಬಾದ್ ರಾಜ್ಯದವರೇ. ಹಾಗಾಗಿ ಇಲ್ಲಿ ಒಂದೇ ಪುಸ್ತಕವನ್ನ ಕ್ಯಾಂಪಿನವರು ತೆಲುಗಿನಲ್ಲಿ ಓದಿದರು, ಊರಿನವರು ಕನ್ನಡದಲ್ಲಿ. ಆಮೇಲೆ ಸಿನಿಮಾ ಬಂದಾಗ ಒಂದೇ ಟಾಕೀಸಿನಲ್ಲಿ ಅಕ್ಕಪಕ್ಕ ಕೂತರು.

ಭಾಗ 3

ಇದು ಸಣ್ಣ ಭಾಗ, ಆದರೆ ಇದಿಲ್ಲದೆ ಮುಂದಿನದು ಅರ್ಥ ಆಗಲ್ಲ.

ಇವತ್ತು ಆ ಹುಡುಗಿ ಫೋನ್ ಮಾಡಿದ್ರೆ ಟ್ರೂಕಾಲರ್ ಹೆಸರು ತೋರಿಸುತ್ತೆ. ಕಾದಂಬರಿ ಎರಡನೇ ಪುಟಕ್ಕೆ ಖಲಾಸ್. ಆಗ ಹಂಗಲ್ಲ. ಲ್ಯಾಂಡ್‌ಲೈನ್ ಹೊಡೆದುಕೊಂಡರೆ ಆ ಕಡೆ ಯಾರು ಅಂತ ಎತ್ತೋವರೆಗೂ ಗೊತ್ತಾಗ್ತಿರಲಿಲ್ಲ. ಓಣಿಗೊಂದು ಫೋನ್ ಇದ್ದರೆ ಹೆಚ್ಚು. ಉಳಿದವರಿಗೆ ಎಸ್‌ಟಿಡಿ ಬೂತ್, ಕೆಂಪು ಅಂಕಿಯ ಮೀಟರ್, ಹೊರಗೆ ನಿಂತು "ಆತೇನ್ರಿ?" ಅನ್ನೋ ಜನ. ಸಿನಿಮಾ ಬಂದಿದ್ದು 1995. ಅದೇ ವರ್ಷ ಜುಲೈ 31ಕ್ಕೆ ಭಾರತದ ಮೊದಲ ಮೊಬೈಲ್ ಕರೆ ಹೋಯಿತು, ಕೋಲ್ಕತ್ತದಿಂದ ಜ್ಯೋತಿ ಬಸು, ದೆಹಲಿಯಲ್ಲಿ ಸುಖರಾಂ. ಅಂದ್ರೆ ಈ ಕಥೆ ನಡೆಯೋಕೆ ಸಾಧ್ಯವಿದ್ದ ಕಾಲ ಮುಗಿಯೋ ಹೊತ್ತಿಗೆ ಸರಿಯಾಗಿ ಸಿನಿಮಾ ಬಂತು.

ನಮ್ಮ ಕ್ಲಾಸಿನ ಒಬ್ಬಳು ಸಿನಿಮಾ ನೋಡಿ ಸಿಟ್ಟಾದಳು: "ಹೀರೋಗೆ ಹೆಸರು, ಮನಿ, ಚೆಸ್, ಗೆಳೆಯರು ಎಲ್ಲಾ ಅದಾವ. ಆಕಿಗೆ ಬರೀ ಒಂದು ಫೋನ್. ಕಡೀಗೆ ಅದೂ ಇಲ್ಲ." ಮಾತು ನ್ಯಾಯವಾಗಿದೆ. ಇದನ್ನ ದೊಡ್ಡವ್ವನಿಗೆ ಹೇಳಿದೆ. ಅವಳು ನಕ್ಕಳು. "ಹೆಸರು ಹೇಳಿದ್ರ ಆಕಿ ಕಾಲು ಮುರಿತಿದ್ರು ಮನ್ಯಾಗ. ಹೆಸರಿಲ್ಲ ಅಂತನ ಮಾತಾಡಾಕ ಬಂತು. ನಿಮಗ ಈಗ ಎರಡೆರಡು ಅಕೌಂಟ್ ಅದಾವಲ್ಲ, ಯಾಕ ಅದಾವು?"

ನಾನು ಮಾತು ಬದಲಿಸಿದೆ.

ಭಾಗ 4

ಸಿನಿಮಾ ಮಾಡಿದವರು ಸುನೀಲ್ ಕುಮಾರ್ ದೇಸಾಯಿ. ಮೊದಲ ಚಿತ್ರ 'ತರ್ಕ'ವನ್ನೇ (1989) ಹಾಡಿಲ್ಲದೆ ಮಾಡಿ ಗೆದ್ದವರು, ಆಮೇಲೆ 'ಉತ್ಕರ್ಷ', 'ನಿಷ್ಕರ್ಷ'. ಕನ್ನಡದಲ್ಲಿ ಥ್ರಿಲ್ಲರ್ ಅಂದ್ರೆ ಅವರ ಹೆಸರು ಮೊದಲು ಬರ್ತಿತ್ತು. ರೇವಂತ್ ಪಾತ್ರಕ್ಕೆ ಅನಂತ್ ನಾಗ್.

ಓದುಗರು ಒಡೆದದ್ದು ಇಲ್ಲಿಂದಲೇ.

ನನ್ನ ಕ್ಲಾಸ್‌ಮೇಟ್ ಒಬ್ಬ ಕ್ಯಾಂಪಿನವನು. ಅವನ ಅಪ್ಪ ಆ ಕಾಲದಲ್ಲಿ ತೆಲುಗಿನಲ್ಲಿ ಓದಿದವರು. ಅವರ ಮನೆಗೆ ಹೋಗಿ ಕೇಳಿದೆ. ಅಂಕಲ್ ಪುಸ್ತಕದ ಪಕ್ಷ, ಅದೂ ಕಟ್ಟಾ. ಅನಂತ್ ನಾಗ್ ಒಳ್ಳೆ ನಟ ಸರಿ, ಆದರೆ ಹುಟ್ಟಿದ್ದು 1948, ಬರೆದ ಯಂಡಮೂರಿಯವರ ಓರಗೆಯವರು. ತಮ್ಮ ತಲೆಯೊಳಗಿನ ರೇವಂತ್‌ಗೆ ಅಷ್ಟು ವಯಸ್ಸಿರಲಿಲ್ಲ ಅಂತ ಅವರ ತಕರಾರು. ಎರಡನೇ ತಕರಾರು ಇನ್ನೂ ಗಟ್ಟಿ. ಪುಸ್ತಕದಲ್ಲಿ ಒಗಟು ಸಿಕ್ಕಾಗ ಓದೋನು ಪುಸ್ತಕ ಮುಚ್ಚಿ, ಪೆನ್ನು ಹಿಡಿದು ತಾನೇ ಬಿಡಿಸೋಕೆ ಕೂರ್ತಾನೆ. ಟಾಕೀಸಿನಲ್ಲಿ ಯಾರು ಕಾಯ್ತಾರೆ? ರೀಲ್ ಓಡ್ತಾನೇ ಇರುತ್ತೆ, ರೇವಂತ್ ಬಿಡಿಸಿಬಿಡ್ತಾನೆ, ನಾವು ಬರೀ ನೋಡಿದೋರು. "ಪುಸ್ತಕದಲ್ಲಿ ನಾನೇ ರೇವಂತ್ ಕಣಯ್ಯಾ, ಸಿನಿಮಾದಲ್ಲಿ ಬರೀ ಪ್ರೇಕ್ಷಕ" ಅಂದರು. ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ನಮ್ಮವ್ವ ಸಿನಿಮಾ ಪಕ್ಷ. ಅವಳ ಕಾರಣ ಒಂದೇ: ಮುಖ.

ನೋಡಿದವರಿಗೆ ಗೊತ್ತು, ಇಡೀ ಸಿನಿಮಾದಲ್ಲಿ ಆ ಹುಡುಗಿಯ ಮುಖ ನಮಗೆ ತೋರಿಸಲ್ಲ. ಪಾತ್ರ ಮಾಡಿದವರು ಸುಮನ್ ನಗರ್ಕರ್. ಮುಖವೇ ಕಾಣದ ಸಿನಿಮಾದಿಂದ ಒಬ್ಬ ನಟಿಗೆ ಅಷ್ಟು ಹೆಸರು ಬಂತು, ಇವತ್ತಿಗೂ ಅವರನ್ನ 'ಬೆಳದಿಂಗಳ ಬಾಲೆ' ಅಂತಲೇ ಕರೀತಾರೆ. ಯೋಚನೆ ಮಾಡ್ರಿ, ಸಿನಿಮಾದವರಿಗೆ ಇದು ಎಷ್ಟು ಕಷ್ಟದ ನಿರ್ಧಾರ ಅಂತ. ಪುಸ್ತಕದಲ್ಲಿ ಮುಖ ಮುಚ್ಚಿಡೋಕೆ ಖರ್ಚಿಲ್ಲ, ಬರೆಯದೆ ಬಿಟ್ಟರೆ ಆಯ್ತು. ಕ್ಯಾಮೆರಾ ಇಟ್ಟಮೇಲೆ ಮುಚ್ಚಿಡೋದೇ ಕೆಲಸ. ಕಾಸು ಕೊಟ್ಟು ಬಂದವರು "ಹೀರೋಯಿನ್ ಎಲ್ಲಿ?" ಅಂದ್ರೆ?

ಅಂದೇ ಅಂದರು. ಅವ್ವ ನೋಡಿದ ದಿನ ಹಿಂದಿನ ಸಾಲಿನವರು ಕೊನೆಗೆ ಶಿಳ್ಳೆ ಹೊಡೆದು ಬೈದರಂತೆ. ಅವ್ವನಿಗೆ ಮಾತ್ರ ಸಮಾಧಾನ. "ತೋರ್ಸಿದ್ರ ನಾ ಅನ್ಕೊಂಡಾಕಿ ಹೋಗಿಬಿಡ್ತಿದ್ಳು" ಅಂತ ಇವತ್ತಿಗೂ ಹೇಳ್ತಾಳೆ. ಆಗ ಅವಳಿಗೆ ಹದಿನಾರು ವರ್ಷ. ಪುಸ್ತಕ ಓದಿದ್ದು ಸಿನಿಮಾ ನೋಡಿದ ಮೇಲೆ, ಕಾಲೇಜಿಗೆ ಹೋದಾಗ. ಓದುವಾಗಲೂ ಮುಖ ಖಾಲಿಯೇ ಉಳಿದಿತ್ತಂತೆ, ತನಗೆ ಬೇಕಾದ್ದು ಹಾಕಿಕೊಂಡಳಂತೆ.

ಯಾರ ಮುಖ ಅಂತ ಕೇಳಿದೆ. ಹೇಳಲಿಲ್ಲ.

ಭಾಗ 5

ಪುಸ್ತಕ-ಸಿನಿಮಾ ಜಗಳ ನಮ್ಮ ಮನೆಯದ್ದಷ್ಟೇ ಅಲ್ಲ. 1972ರ 'ನಾಗರಹಾವು' ಗೊತ್ತಲ್ಲ? ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ್ದು. ಜನ ಮುಗಿಬಿದ್ದು ನೋಡಿದರು, ವಿಷ್ಣುವರ್ಧನ್ ಹುಟ್ಟಿಕೊಂಡರು, ಆದರೆ ಬರೆದವರಿಗೇ ಸಮಾಧಾನ ಆಗಲಿಲ್ಲ. ತಮ್ಮ ನಾಗರಹಾವು ತೆರೆ ಮೇಲೆ ಕೇರೆಹಾವಾಯ್ತು ಅನ್ನೋ ಅರ್ಥದಲ್ಲಿ ತ.ರಾ.ಸು. ಆಡಿದ ಮಾತು ಇವತ್ತಿಗೂ ಓಡಾಡುತ್ತೆ.

ಹಂಗಾದ್ರೆ ಬರೆದವರೇ ಸಿನಿಮಾ ಮಾಡಿದ್ರೆ ಸರಿ ಹೋಗುತ್ತಾ? ಯಂಡಮೂರಿ ಅದನ್ನೂ ಮಾಡಿ ನೋಡಿದರು. ಅವರ 'ಅಭಿಲಾಷ' ಕಾದಂಬರಿಯನ್ನ ಬೇರೆಯವರು 1983ರಲ್ಲಿ ಚಿರಂಜೀವಿ ಹಾಕಿ ಸಿನಿಮಾ ಮಾಡಿದಾಗ ಗೆದ್ದಿತು. 1991ರಲ್ಲಿ ಅದೇ ಚಿರಂಜೀವಿಯನ್ನ ಇಟ್ಟುಕೊಂಡು ತಾವೇ ನಿರ್ದೇಶಿಸಿದ 'ಸ್ಟೂವರ್ಟ್‌ಪುರಂ ಪೊಲೀಸ್ ಸ್ಟೇಷನ್' ಸೋತಿತು. ಮೂಲಕ್ಕೆ ನಿಷ್ಠೆ ಅನ್ನೋದು ಎಲ್ಲದಕ್ಕೂ ಔಷಧಿ ಅಲ್ಲ ಅಂತ ಕ್ಯಾಂಪಿನ ಅಂಕಲ್‌ಗೂ ಹೇಳಿದೆ. ಒಪ್ಪಲಿಲ್ಲ, ಚಹಾ ಕೊಟ್ಟರು.

ಯಂಡಮೂರಿಯವರ ಎಲ್ಲಾ ಪುಸ್ತಕಕ್ಕೂ ಜನ ಹೂವು ಹಾಕಿದರು ಅಂತಲೂ ತಿಳಿಬೇಡಿ. ಮಾಟಮಂತ್ರದ 'ತುಳಸಿದಳ' ಓದಿ ಜನ ರಾತ್ರಿ ಒಬ್ಬರೇ ಹೊರಗೆ ಹೋಗೋಕೆ ಹೆದರ್ತಿದ್ದರಂತೆ. 1985ರಲ್ಲಿ ವೇಮಗಲ್ ಜಗನ್ನಾಥರಾವ್ ಅದನ್ನ ಕನ್ನಡದಲ್ಲಿ ಸಿನಿಮಾ ಮಾಡಿದರು. ತೆಲುಗಿನ ಲೇಖಕಿ ರಂಗನಾಯಕಮ್ಮ ಮಾತ್ರ, ಇದು ತುಳಸಿದಳ ಅಲ್ಲ ಗಾಂಜಾ ದಮ್ಮು ಅನ್ನೋ ಅರ್ಥದ ಹೆಸರಿಟ್ಟು ಒಂದು ವಿಮರ್ಶೆಯ ಪುಸ್ತಕವನ್ನೇ ಬರೆದರು. ಮೂಢನಂಬಿಕೆಗೆ ವಿಜ್ಞಾನದ ಅಂಗಿ ಹಾಕಿ ಮಾರೋದು ತಪ್ಪು ಅಂತ ನನಗೂ ಅನ್ನಿಸುತ್ತೆ. 'ಬೆಳದಿಂಗಳ ಬಾಲೆ'ಯಲ್ಲಿ ಆ ಕಾಟ ಇಲ್ಲ.

ಭಾಗ 6

ಈಗ ಬುಡಕ್ಕೆ ಬರ್ತೀನಿ. ಅವ್ವ ಹೇಳಿದ್ದು ಸರಿ. ಕಾದಂಬರಿಯ ಕೊನೆಯಲ್ಲೂ ಅವಳು ಸಾಯ್ತಾಳೆ, ಕೊಂದಿದ್ದು ಸಿನಿಮಾದವರಲ್ಲ. ಹೊಸ ಪ್ರತಿ ತರಿಸಿ ಓದಿ ಖಾತ್ರಿ ಮಾಡಿಕೊಂಡೆ. ಹಂಗಾದ್ರೆ ದೊಡ್ಡವ್ವ ಓದಿದ್ದೇನು?

ಲಿಂಗಸುಗೂರಿಗೆ ಬಸ್ ಹತ್ತಿದೆ. ದಾರಿಯಲ್ಲಿ ಮಸ್ಕಿ ಬರುತ್ತೆ. (ಕಲ್ಲಿನ ಇತಿಹಾಸ ಸಾಕು ಅಂದವನೇ, ಕ್ಷಮಿಸು, ಒಂದೇ ಪ್ಯಾರಾ.) ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಬ್ರಾಹ್ಮಿ ಲಿಪಿ ಓದಿದ. ಆದರೆ ಶಾಸನಗಳಲ್ಲಿ ಬರೀ 'ದೇವಾನಾಂಪ್ರಿಯ' ಅಂತಿತ್ತು. ಮಾತು ಕೇಳ್ತಿದೆ, ಮುಖ ಗೊತ್ತಿಲ್ಲ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ನಮ್ಮ ಮಸ್ಕಿ ಬಂಡೆ ಮೇಲೆ ಕಂಡ ಶಾಸನದಲ್ಲಿ ಮೊದಲ ಬಾರಿ 'ಅಶೋಕ' ಅನ್ನೋ ಹೆಸರು ಸಿಕ್ಕಿತು. ಆ ಬಂಡೆಯಲ್ಲೂ ಅಲ್ಲಲ್ಲಿ ಅಕ್ಷರ ಅಳಿಸಿವೆ. ಅಂಥ ಜಾಗಗಳನ್ನ ವಿದ್ವಾಂಸರು ಇದೇ ಶಾಸನದ ಬೇರೆ ಪ್ರತಿಗಳನ್ನ ಪಕ್ಕದಲ್ಲಿಟ್ಟು ಓದ್ತಾರೆ. ಕೊಪ್ಪಳದ ಗವಿಮಠದಲ್ಲಿ ಒಂದಿದೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಒಂದಿದೆ.

ಬಸ್ಸಿನ ಕಿಟಕಿಯಲ್ಲಿ ಇದು ಹೊಳೆದದ್ದೇ ತಡ, ನನ್ನ ಚೀಲದಲ್ಲಿದ್ದ ಹೊಸ ಪ್ರತಿ ಮುಟ್ಟಿ ನೋಡಿಕೊಂಡೆ.

ದೊಡ್ಡವ್ವ ಹೋಳಿಗೆ ಮಾಡಿದ್ದಳು. ಉಂಡಮೇಲೆ ಕೇಳಿದೆ, "ದೊಡ್ಡವ್ವ, ನೀ ಓದಿದ ಪುಸ್ತಕ ಎಲ್ಲಿಂದ ಬಂತು?"

"ಬಾಡಿಗಿ ಲೈಬ್ರರಿದು. ದಿನಕ್ಕ ಎಂಟಾಣೆ. ಮುಂದ ಅವರು ಅಂಗಡಿ ಮುಚ್ಚುವಾಗ ನಾನ ತಗೊಂಡೆ." ಟ್ರಂಕಿನಿಂದ ತೆಗೆದಳು. ದಪ್ಪ ರಟ್ಟಿನ ಬೈಂಡು, ದಾರದ ಹೊಲಿಗೆ, ಹಾಳೆಹಾಳೆಗೂ ನೀಲಿ ಸೀಲು, ಅಂಚಿನಲ್ಲಿ ಯಾರೋ ಬರೆದ ಚೆಸ್ ನಡೆಗಳು. ಕೊನೆಯ ಪುಟ ತೆಗೆದೆ. ರೇವಂತ್ ಇನ್ನೂ ಹುಡುಕ್ತಾನೇ ಇದ್ದಾನೆ. ವಾಕ್ಯ ಮುಗಿದಿದೆ, ಪೂರ್ಣವಿರಾಮ ಇದೆ. ಅದಾದಮೇಲೆ ನೇರ ರಟ್ಟು. ಕೊನೆಯ ಹಾಳೆಗಳು ಮೊದಲೇ ಹೋಗಿದ್ದವು, ಬೈಂಡ್ ಮಾಡಿದವನು ಇದ್ದಷ್ಟನ್ನ ಕೂಡಿಸಿ ಹೊಲಿದಿದ್ದ.

ದೊಡ್ಡವ್ವ ಅದನ್ನೇ ಕೊನೆ ಅಂದುಕೊಂಡಿದ್ದಳು. ಅವನು ಹುಡುಕ್ತಾ ಹೋಗ್ತಾನೆ, ಒಂದು ದಿನ ಸಿಗ್ತಾಳೆ, ಅಷ್ಟೇ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ಕಾಲ ಅದು. ಮದುವೆಯಾಗಿ ಮೂರು ತಿಂಗಳಿಗೆ ದೊಡ್ಡಪ್ಪನ ಜೊತೆ ನೋಡಿದ ಮೊದಲ ಸಿನಿಮಾ 'ಬೆಳದಿಂಗಳ ಬಾಲೆ'. ಸಿಗ್ತಾಳೆ ಅಂತಲೇ ಹೋಗಿ ಕೂತಿದ್ದಳು.

ಹೊಸ ಪ್ರತಿ ತೆಗೆದು ಕೊಟ್ಟೆ. ಹಳೆಯದನ್ನ ಪಕ್ಕದಲ್ಲಿಟ್ಟುಕೊಂಡು, ಕನ್ನಡಕ ಹಾಕಿ, ಬೆರಳಿಟ್ಟು ಹೊಂದಿಸುತ್ತಾ ಬಂದಳು. ಹಳೆಯ ಪುಸ್ತಕ ನಿಂತ ಸಾಲು ಹೊಸದರಲ್ಲಿ ಸಿಕ್ಕಿತು. ಕೆಳಗೆ ಇನ್ನೂ ಅರ್ಧ ಪುಟ, ಅದರಾಚೆ ಉಳಿದ ಹಾಳೆಗಳು. ಸ್ವಲ್ಪ ಹೊತ್ತು ನೋಡಿದಳು. ಆ ಪುಟದ ಮೂಲೆ ಮಡಚಿದಳು.

"ನಿಮ್ಮವ್ವಗ ಹೇಳು, ಆಕಿ ಹೇಳಿದ್ದು ಖರೆ ಅಂತ" ಅಂದಳು. ಆಮೇಲೆ ಎರಡೂ ಪುಸ್ತಕ ಟ್ರಂಕಿಗೆ ಹೋದವು.

ನನ್ನ 180 ರೂಪಾಯಿಯ ಪ್ರತಿ ಈಗಲೂ ಲಿಂಗಸುಗೂರಿನಲ್ಲೇ ಇದೆ. ಅವ್ವನಿಗೆ ವಿಷಯ ಹೇಳಿದೆ. ಗೆದ್ದೆ ಅಂತ ಕುಣೀತಾಳೆ ಅಂದುಕೊಂಡಿದ್ದೆ. ಅವಳು ಹಿಟ್ಟು ನಾದ್ತಾ ಇದ್ದವಳು ಕೈ ನಿಲ್ಲಿಸಿ, "ಆ ಪುಸ್ತಕ ಯಾಕ ಒಯ್ದು ಕೊಟ್ಟಿ?" ಅಂದಳು.