ಕಾಶಿ ಕಣಗಿಲೆಗೆ ಹೆಸರು ಸಿಕ್ಕ ಕಥೆ

ಹೋದ ವಾರ ಪಕ್ಕದ ಹೊಲದ ಮಾವ ಒಂದು ರೆಂಬೆ ಹಿಡ್ಕೊಂಡು ಬಂದ್ರು. ಮೊಮ್ಮಗಳು ಯಾವುದೋ ಹೂವಿನ ಬೀಜದ ಪೊಟ್ಟಣ ತಂದು ಅಂಗಳದಲ್ಲಿ ಚೆಲ್ಲಿದ್ದಳಂತೆ. ಹುಟ್ಟಿದ್ದು ಏನು ಅಂತ ಮನೇಲಿ ಯಾರಿಗೂ ಗೊತ್ತಾಗ್ಲಿಲ್ಲ. ಎದುರುಬದುರು ಎಲೆ, ಎಲೆ ನಡುವೆ ಬಿಳಿ ನರ. ಐದು ಎಸಳಿನ ಕಡುಗೆಂಪು ಹೂವು. ಹೂ ಉದುರಿದ ಕಡೆ ಜೋಡಿ ಜೋಡಿ ತೆಳ್ಳನೆ ಕೋಡು. ಕೋಡು ನೋಡಿದ ಮೇಲೆ ಅನುಮಾನ ಉಳೀಲಿಲ್ಲ, ನಮ್ಮ ಕಾಶಿ ಕಣಗಿಲೆಯೇ. ನಿತ್ಯಪುಷ್ಪ ಅಂತೀವಲ್ಲ, ಅದು. ಬಣ್ಣ ಹೊಸದು, ಅಷ್ಟೇ.

ಇದೇ ಫಜೀತಿ 1750ರ ದಶಕದಲ್ಲಿ ಲಂಡನ್ನಿನಲ್ಲೂ ಆಗಿತ್ತು. ಗಿಡದ ತವರು ಮಡಗಾಸ್ಕರ್ ದ್ವೀಪ. ಅಲ್ಲಿಂದ ಬೀಜ ಫ್ರಾನ್ಸಿಗೆ ಬಂತು. ರಾಜನ ತೋಟದ ಮಾಲಿ ರಿಷಾರ್ ಅದನ್ನ ಚೆಲ್ಸಿಯ ಔಷಧಿ ತೋಟದ ಫಿಲಿಪ್ ಮಿಲ್ಲರ್‌ಗೆ ಕಳಿಸಿದ. ಮಿಲ್ಲರ್ ಬಿತ್ತಿ, ಹೂ ಬಿಡೋವರೆಗೆ ಕಾದು, ಚಿತ್ರ ಬರೆಸಿದ. 1759ರಲ್ಲಿ ಲಿನೇಯಸ್ ಅದಕ್ಕೆ ವಿಂಕಾ ರೋಸಿಯಾ ಅಂತ ಹೆಸರಿಟ್ಟ. ಮುಂದಿನ ಶತಮಾನದಲ್ಲಿ ಅದನ್ನ ವಿಂಕಾದಿಂದ ಬೇರೆ ಮಾಡಿ ಕ್ಯಾಥರಾಂಥಸ್ ಅಂದರು. ನರ್ಸರಿಯವರು ಇವತ್ತೂ ವಿಂಕಾ ಅಂತಲೇ ಮಾರ್ತಾರೆ. ನಮ್ಮ ಹಿರೀಕರು ಪುಸ್ತಕ ನೋಡದೆ ಎಲೆ, ಹೂವು ನೋಡಿಯೇ ಕಣಗಿಲೆ ಅಂದಿರಬೇಕು. ಶಾಸ್ತ್ರದಲ್ಲೂ ಎರಡೂ ಒಂದೇ ಕುಟುಂಬ!

ಹೆಸರು ಗೊತ್ತಾದ ಕೂಡಲೇ ಮಾವ ಕೇಳಿದ್ದು, "ಇದರ ಎಲೆ ಸಕ್ಕರೆ ಕಾಯಿಲೆಗೆ ಒಳ್ಳೇದಂತಲ್ಲ, ದಿನಾ ನಾಲ್ಕು ಅಗೀಲಾ?"

ಈ ನಂಬಿಕೆ ನಮ್ಮಲ್ಲಿ ಮಾತ್ರ ಅಲ್ಲ, ಜಮೈಕಾದಲ್ಲೂ ಇತ್ತು. ಅಲ್ಲಿಂದ ಬಂದ ಎಲೆಗಳನ್ನ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ತನ್ನ ತಮ್ಮ ರಾಬರ್ಟ್‌ಗೆ ಕೊಟ್ಟರು. ರಾಬರ್ಟ್ ಇಲಿಗಳಿಗೆ ಕಷಾಯ ಕುಡಿಸಿದರು, ಸಕ್ಕರೆ ಇಳೀಲಿಲ್ಲ. ಸೂಜಿಯಲ್ಲಿ ಕೊಟ್ಟಾಗ ಇಲಿಗಳು ಸೋಂಕು ತಗುಲಿ ಸತ್ತವು, ಯಾಕಂದ್ರೆ ರಕ್ತದ ಬಿಳಿ ಕಣ ಕುಸಿದಿತ್ತು. ಬಿಳಿ ಕಣ ಇಳಿಸೋ ವಸ್ತು ರಕ್ತದ ಕ್ಯಾನ್ಸರಿಗೆ ಮದ್ದಾಗಬಹುದಲ್ಲ ಅಂತ ಅವರಿಗೆ ಹೊಳೀತು. ಚಾರ್ಲ್ಸ್ ಬಿಯರ್ ಜೊತೆ ಸೇರಿ ಎಲೆಯಿಂದ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿ, 1958ರಲ್ಲಿ ಪ್ರಕಟಿಸಿದರು. ಅದೇ ಗಿಡದ ವಿನ್‌ಕ್ರಿಸ್ಟಿನ್ ಇವತ್ತೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡೋ ಮದ್ದು. ಅದನ್ನ ಡಾಕ್ಟರು ಅಳತೆ ಮಾಡಿ, ರಕ್ತ ಪರೀಕ್ಷೆ ಮಾಡಿಸ್ತಾ ಕೊಡ್ತಾರೆ. ನಾಲ್ಕು ಎಲೆಯಲ್ಲಿ ಎಷ್ಟಿದೆ ಅಂತ ಅಗಿಯೋರಿಗೆ ಹೇಗೆ ಗೊತ್ತಾಗುತ್ತೆ? ದನ ಕೂಡ ಈ ಗಿಡಕ್ಕೆ ಬಾಯಿ ಹಾಕಲ್ಲ.

ಮಾವ ಸ್ವಲ್ಪ ಹೊತ್ತು ಸುಮ್ನೆ ಕೂತ್ರು. ಆಮೇಲೆ ಬಾಯಿಬಿಟ್ಟರು: ಯಾರೋ ಹೇಳಿದ್ರು ಅಂತ ಸಕ್ಕರೆ ಮಾತ್ರೆ ನಿಲ್ಲಿಸಿ ಆಗಲೇ ಮೂರು ದಿನ ಆಗಿತ್ತು. ರೆಂಬೆಯನ್ನ ನಮ್ಮ ಬೇಲಿ ಬುಡಕ್ಕೆ ಊರಿ, ಮಾತ್ರೆ ನುಂಗೋಕೆ ಮನೆ ಕಡೆ ಹೊರಟ್ರು.