ಸೆರಗಿನ ಕೊಂಡಿ

ಮನೆಯಲ್ಲಿ ಮಗ್ಗದ ಇಳಕಲ್ ಸೀರೆ ಇದ್ದರೆ ಅದರ ಒಡಲೂ ಸೆರಗೂ ಕೂಡುವ ಜಾಗವನ್ನೊಮ್ಮೆ ಮುಟ್ಟಿ ನೋಡಿ. ಬೆರಳಿಗೆ ಸಣ್ಣದೊಂದು ಏಣು ಸಿಗುತ್ತದೆ. ಹೊಲಿಗೆ ಹಾಕಿದ್ದಲ್ಲ, ಗಂಟು ಬಿಗಿದದ್ದೂ ಅಲ್ಲ. ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆಯನ್ನು ತೂರಿಸಿ, ಹೀಗೆ ಸೀರೆಯ ಅಗಲದುದ್ದಕ್ಕೂ ಒಂದೊಂದಾಗಿ ಕೂಡಿಸಿದ ಜೋಡಣೆ ಅದು. ನೇಕಾರರು ಅದನ್ನು ಕೊಂಡಿ ಎನ್ನುತ್ತಾರೆ.

ಇಷ್ಟು ಕಷ್ಟ ಯಾಕೆ? ಉತ್ತರ ಬಣ್ಣದಲ್ಲಿದೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದಿರುವ ಎಳೆ ಹಾಸು, ಲಾಳಿಯೊಡನೆ ಅಡ್ಡಲಾಗಿ ಓಡುವುದು ಹೊಕ್ಕು. ನೀಲಿ ಹಾಸಿನ ಮೇಲೆ ಕೆಂಪು ಹೊಕ್ಕು ಓಡಿಸಿದರೆ ಬರುವುದು ನೇರಳೆ ಛಾಯೆಯ ಬಟ್ಟೆಯೇ ಹೊರತು ಅಪ್ಪಟ ಕೆಂಪಲ್ಲ. ಇಳಕಲ್ಲಿನ ಸೆರಗು ಕೆಂಪಾಗಿಯೇ ಇರಬೇಕು, ಅದರ ಮೇಲೆ ಬಿಳಿಯ ಟೋಪ ತೆನಿ ಎದ್ದು ಕಾಣಬೇಕು. ಹಾಗಾಗಬೇಕಾದರೆ ಸೆರಗು ಶುರುವಾಗುವಲ್ಲಿ ಹಾಸನ್ನೇ ಬದಲಿಸಬೇಕು. ಅಂದರೆ ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು, ಎರಡರ ನಡುವೆ ಕೊಂಡಿ. ದಡಿಯ ಹಾಸೂ ಬೇರೆಯೇ, ಸಾಮಾನ್ಯವಾಗಿ ಸೆರಗಿನದೇ ಬಣ್ಣದ್ದು.

ವಿನ್ಯಾಸ ಎಂದೊಡನೆ ನಮಗೆ ಹೂವು, ಬಳ್ಳಿ, ನವಿಲು ನೆನಪಾಗುತ್ತವೆ. ಇಳಕಲ್ಲಿನ ಸೆರಗಿನಲ್ಲೂ ಜೋಳದ ತೆನೆ, ಬಾಚಣಿಗೆಯ ಹಲ್ಲು, ಕೋಟೆಯ ತೆನೆಗಳು ಇವೆ. ಬಯಲುಸೀಮೆಯ ಹೆಣ್ಣುಮಕ್ಕಳು ದಿನವೂ ಕಾಣುವ ವಸ್ತುಗಳೇ. ಆದರೆ ನನ್ನ ಮಟ್ಟಿಗೆ ಈ ಸೀರೆಯ ದೊಡ್ಡ ವಿನ್ಯಾಸ ಆ ಕೊಂಡಿಯೇ. ದುಬಾರಿಯಾದ ರೇಷ್ಮೆ ಎಲ್ಲಿ ಬೇಕು? ಹೆಗಲ ಮೇಲೆ, ಅಂಚಿನಲ್ಲಿ, ನಾಲ್ಕು ಜನ ನೋಡುವ ಕಡೆ. ಉಳಿದ ಒಡಲು ಹತ್ತಿಯದಾದರೆ ಬೆವರು ಹೀರುತ್ತದೆ, ಕಚ್ಚೆ ಕಟ್ಟಿ ಹೊಲಕ್ಕಿಳಿಯಲು ಬರುತ್ತದೆ, ಕಲ್ಲಿಗೆ ಬಡಿದು ಒಗೆದರೂ ತಾಳುತ್ತದೆ. ಬಡವಿಯ ಮೈಮೇಲೂ ರೇಷ್ಮೆ ಬರುವಂತೆ ಲೆಕ್ಕ ಹಾಕಿದ ಸೀರೆ ಇದು. ಹರಿದ ಮೇಲೂ ಅದರ ಕೆಲಸ ಮುಗಿಯುವುದಿಲ್ಲ, ಕೌದಿಯಾಗಿ ಇನ್ನೊಂದಷ್ಟು ವರ್ಷ ಮಕ್ಕಳನ್ನು ಬೆಚ್ಚಗಿಡುತ್ತದೆ. ಸುಸ್ಥಿರತೆ ಎಂಬ ಪದ ನಮ್ಮ ಭಾಷಣಗಳಿಗೆ ಬರುವ ಎಷ್ಟೋ ಮೊದಲೇ ಈ ಲೆಕ್ಕ ನಡೆದಿತ್ತು.

1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ದಂಪತಿ ಭಾರತ ಸರ್ಕಾರಕ್ಕೊಂದು ವರದಿ ಕೊಟ್ಟರು. ಅದರಲ್ಲಿ ಅವರು ಬಹುವಾಗಿ ಮೆಚ್ಚಿದ ವಸ್ತು ನಮ್ಮ ಲೋಟಾ, ಅಂದರೆ ತಂಬಿಗೆ. ಯಾವನೋ ಒಬ್ಬ ಕೂತು ರಚಿಸಿದ್ದಲ್ಲ, ತಲೆಮಾರುಗಳು ತಿದ್ದಿ ತಿದ್ದಿ ಮಾಡಿದ್ದು ಎಂಬುದು ಅವರ ಅಚ್ಚರಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಆ ವರದಿಯ ಬೆನ್ನಿಗೇ. ಅವರು ಇಳಕಲ್ಲಿಗೆ ಬಂದಿದ್ದರೆ ಕೊಂಡಿಯ ಬಗ್ಗೆಯೂ ಒಂದು ಪುಟ ಬರೆಯುತ್ತಿದ್ದರೇನೋ.

ಕೊಂಡಿಗೆ ಇನ್ನೊಂದು ಮುಖವಿದೆ. ಒಡಲಿಗೂ ಸೆರಗಿಗೂ ಪ್ರತಿ ಸೀರೆಯಲ್ಲಿ ಹಾಸು ಕೂಡಿಸಬೇಕಾದ್ದರಿಂದ ಕೆಲಸ ಮತ್ತೆ ಮತ್ತೆ ನಿಲ್ಲುತ್ತದೆ. ಮನೆಯ ಕುಣಿಮಗ್ಗಕ್ಕೆ ಇದು ತೊಂದರೆಯಲ್ಲ. ಒಬ್ಬರು ನೇಯುವಾಗ ಇನ್ನೊಬ್ಬರು ಕಂಡಿಕೆ ಸುತ್ತುತ್ತಾರೆ, ಮತ್ತೊಬ್ಬರು ಮುಂದಿನ ಹಾಸಿಗೆ ಕೂರುತ್ತಾರೆ. ವಿದ್ಯುತ್ ಮಗ್ಗಕ್ಕೆ ಮಾತ್ರ ಇದು ಒಗ್ಗದು. ಉದ್ದನೆಯ ಹಾಸು ಬಿಗಿದು ನಿಲ್ಲದೆ ಓಡಿದರಷ್ಟೇ ಅದಕ್ಕೆ ಲಾಭ. ಹಾಗಾಗಿ ಅದು ಕೊಂಡಿಯನ್ನು ಬಿಟ್ಟು, ಕೆಂಪು ಸೆರಗಿನ ನೋಟವನ್ನಷ್ಟೇ ಎತ್ತಿಕೊಂಡಿತು.

ಈ ನಕಲಿನ ವಿರುದ್ಧ ಕಾನೂನೂ ಬಂತು. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಸೀರೆ, ಧೋತಿ, ಟವೆಲ್ ಸೇರಿದಂತೆ 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು. ವಿದ್ಯುತ್ ಮಗ್ಗದವರು ಕೋರ್ಟಿಗೆ ಹೋದರು. 1993ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಮೂರೇ ವರ್ಷಗಳಲ್ಲಿ, 1996ರಲ್ಲಿ, ಸರ್ಕಾರವೇ ಪಟ್ಟಿಯನ್ನು 11ಕ್ಕೆ ಇಳಿಸಿತು. ಸೀರೆ ಪಟ್ಟಿಯಲ್ಲಿ ಉಳಿಯಿತು ನಿಜ, ಆದರೆ ಯಾವ ಸೀರೆ ಮೀಸಲು ಎಂಬುದನ್ನು ಕಾನೂನು ಗುರುತಿಸುವುದು ಹೆಚ್ಚುವರಿ ಹಾಸು, ಹೆಚ್ಚುವರಿ ಹೊಕ್ಕಿನಿಂದ ಮೂಡುವ ವಿನ್ಯಾಸದಂಥ ಲಕ್ಷಣಗಳಿಂದ. ಅಂಗಡಿಯ ಗಾಜಿನ ಹಿಂದೆ ಮಡಿಸಿಟ್ಟ ಎರಡು ಸೀರೆಗಳಲ್ಲಿ ಯಾವುದು ಕೈಯದು, ಯಾವುದು ಯಂತ್ರದ್ದು ಎಂದು ಕೊಳ್ಳುವವರು ಹೇಗೆ ಹೇಳಿಯಾರು? ಬಿಚ್ಚಿಸಿ, ಸೆರಗಿನ ಬುಡ ಮುಟ್ಟಿಯೇ ನೋಡಬೇಕು.

ಈಗ ಹೊಸ ವಿನ್ಯಾಸಕಾರರು ಬರುತ್ತಿದ್ದಾರೆ. ಇಳಕಲ್ ಬಟ್ಟೆಯಿಂದ ದುಪಟ್ಟಾ, ಕುರ್ತಾ, ಚೀಲಗಳಾಗುತ್ತಿವೆ. ನನ್ನದೇನೂ ತಕರಾರಿಲ್ಲ, ಮಗ್ಗ ನಿಲ್ಲುವುದಕ್ಕಿಂತ ಅದು ಮೇಲು. ಆದರೆ ಇವುಗಳಲ್ಲಿ ಎಷ್ಟೋ ವಸ್ತುಗಳಿಗೆ ಸೆರಗೇ ಇಲ್ಲ. ಸೆರಗಿಲ್ಲದಿದ್ದರೆ ಕೊಂಡಿಯೂ ಬೇಡ. ಉಳಿಯುವುದು ದಡಿಯ ಚಿಕ್ಕಿ, ಪರಾಸ್. ಅದನ್ನು ಯಂತ್ರ ಸಲೀಸಾಗಿ ಹಾಕಬಲ್ಲದು. ಸೀರೆಯನ್ನು ಉಳಿಸಲು ಹೊರಟು, ಯಂತ್ರಕ್ಕೆ ಒಲಿಯದ ಭಾಗವನ್ನೇ ನಾವು ಮೊದಲು ಕೈಬಿಡುತ್ತಿದ್ದೇವೆ.

ಹಾಸು ಹೂಡುವುದು, ಕಂಡಿಕೆ ಸುತ್ತುವುದು, ಎಳೆ ಕೂಡಿಸುವುದು ಹೆಚ್ಚಾಗಿ ಮನೆಯ ಹೆಂಗಸರ ಪಾಲಿನ ಕೆಲಸ. ಅಡುಗೆ ಮುಗಿಸಿ, ಬೆಳಕಿರುವ ಕಡೆ ಕೂತು, ಬೆರಳ ತುದಿಯಲ್ಲಿ ಒಂದೊಂದೇ ಎಳೆ ಹಿಡಿದು ಮಾಡಬೇಕಾದದ್ದು. ಸೀರೆಗೆ ಇಷ್ಟು ಎಂದು ಕೂಲಿ ಎಣಿಸುವಾಗ ನೇಯ್ದವನ ಹೆಸರಷ್ಟೇ ಬರೆಯುವುದು ವಾಡಿಕೆ.