ರಾಜೀನಾಮೆ ಮತ್ತು ಜನಪ್ರತಿಕ್ರಿಯೆ: ಮುಂಬಯಿ

ಅವಧಿ ಮುಗಿಯುವ ಮೊದಲೇ ಅಧಿಕಾರ ಬಿಟ್ಟಿಳಿದ ರಾಜಕಾರಣಿಗಳನ್ನು ಮುಂಬಯಿ ನಗರ ಮತ್ತು ಉಪನಗರಗಳ ಜನ ಹೇಗೆ ಕಂಡರು ಎಂಬುದರ ಚರಿತ್ರೆ. 1939ರಲ್ಲಿ ಮುಂಬಯಿ ಪ್ರಾಂತದ ಮೊದಲ ಕಾಂಗ್ರೆಸ್ ಮಂತ್ರಿಮಂಡಲ ಅಧಿಕಾರ ತ್ಯಜಿಸಿದಲ್ಲಿಂದ ಇದನ್ನು ಗುರುತಿಸಬಹುದು. ಇಲ್ಲಿ ಅವಧಿಗೆ ಮುನ್ನ ಇಳಿಯುವುದು ಅಪರೂಪದ ಸಂಗತಿಯೇನೂ ಅಲ್ಲ. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಹುಟ್ಟಿದ ಮೇಲೆ 2019ರವರೆಗೆ ಐದು ವರ್ಷದ ಅವಧಿಯನ್ನು ಪೂರ್ತಿ ಮಾಡಿದ ಮುಖ್ಯಮಂತ್ರಿಗಳು ವಸಂತರಾವ್ ನಾಯಕ್ ಮತ್ತು ದೇವೇಂದ್ರ ಫಡಣವೀಸ್ ಇಬ್ಬರೇ. ಉಳಿದವರು ನಡುವೆ ಹತ್ತಿದವರು, ಇಲ್ಲವೇ ನಡುವೆ ಇಳಿದವರು.

ರಾಜೀನಾಮೆ ಫಾರ್ಸಿಯಿಂದ ಬಂದ ಪದ; ಮೂಲಾರ್ಥ ಒಪ್ಪಿಗೆಯ ಪತ್ರ. ಮುಂಬಯಿ ಪ್ರಾಂತದ ಕಂದಾಯ ದಫ್ತರಿನಲ್ಲಿ ರೈತ ತನ್ನ ಹಿಡುವಳಿ ಬಿಟ್ಟುಕೊಡುವಾಗ ಬರೆದುಕೊಡುತ್ತಿದ್ದ ಕಾಗದಕ್ಕೆ ಈ ಹೆಸರಿತ್ತು. ಆ ಜಮೀನು ವಹಿಸಿಕೊಳ್ಳುವವನು ಬರೆದುಕೊಡುತ್ತಿದ್ದುದು ಕಬುಲಾಯತಿ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳೂ ಅದೇ ಪ್ರಾಂತದಲ್ಲಿದ್ದವು. ಕನ್ನಡಕ್ಕೂ ಮರಾಠಿಗೂ ಈ ಪದ ಸಮಾನ ಆಸ್ತಿ. ಬಿಟ್ಟವನ ಕಾಗದದ ಬೆನ್ನಿಗೇ ಹಿಡಿದವನ ಕಾಗದ ಬರುತ್ತಿದ್ದುದರಲ್ಲಿ ಒಂದು ಸ್ವಾರಸ್ಯವಿದೆ. ಮುಂಬಯಿಯಲ್ಲಿ ಇಂದಿಗೂ ಮಂತ್ರಿಯೊಬ್ಬರು ರಾಜೀನಾಮೆ ಕೊಟ್ಟ ಸುದ್ದಿ ಬಂದರೆ ಲೋಕಲ್ ರೈಲಿನಲ್ಲಿ ನಿಂತವರು ಮೊದಲು ಕೇಳುವುದು ಮುಂದೆ ಯಾರು ಅಂತಲೇ.

1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಭಾರತೀಯ ನಾಯಕರನ್ನು ಒಂದು ಮಾತೂ ಕೇಳದೆ ದೇಶವನ್ನು ಯುದ್ಧಕ್ಕೆ ಸೇರಿಸಿದಾಗ, ಕಾಂಗ್ರೆಸ್ ತನ್ನ ಪ್ರಾಂತೀಯ ಸರಕಾರಗಳನ್ನೆಲ್ಲ ಕೆಳಗಿಳಿಸಿತು. ಮುಂಬಯಿಯ ಬಾಳಾಸಾಹೇಬ್ ಖೇರ್ ಮಂತ್ರಿಮಂಡಲ ನವೆಂಬರ್ ಮೊದಲ ವಾರದಲ್ಲಿ ಹೋಯಿತು. ಕಾಂಗ್ರೆಸ್ಸಿನವರಿಗೆ ಇದು ತ್ಯಾಗ. ಆದರೆ ಅದೇ ಡಿಸೆಂಬರ್ 22ರಂದು, ಜಿನ್ನಾ ಕರೆಕೊಟ್ಟ ‘ವಿಮೋಚನಾ ದಿನ’ದಂದು, ಭೇಂಡಿ ಬಜಾರಿನ ಸಭೆಯಲ್ಲಿ ಅದೇ ಘಟನೆಗೆ ಸಂತೋಷ ವ್ಯಕ್ತವಾಯಿತು, ವೇದಿಕೆಯಲ್ಲಿ ಜಿನ್ನಾ ಜೊತೆ ಡಾ. ಅಂಬೇಡ್ಕರ್ ಕೂಡ ಇದ್ದರು. ಇಬ್ಬರ ದಾರಿ ಬೇರೆ ಬೇರೆ, ಹಾಗಾದರೆ ಈ ಸಾಮೀಪ್ಯ ಹೇಗೆ? ಖೇರ್ ಸರಕಾರ 1938ರಲ್ಲಿ ತಂದ ಕೈಗಾರಿಕಾ ವಿವಾದ ಕಾಯಿದೆ ಮುಷ್ಕರದ ಹಕ್ಕನ್ನು ಕಟ್ಟಿಹಾಕಿತ್ತು. ಅದನ್ನು ವಿರೋಧಿಸಿ ಆ ವರ್ಷದ ನವೆಂಬರ್ 7ರಂದು ಅಂಬೇಡ್ಕರರ ಸ್ವತಂತ್ರ ಮಜೂರ ಪಕ್ಷ ಮತ್ತು ಕಮ್ಯುನಿಸ್ಟರು ಸೇರಿ ಗಿರಣಿಗಳನ್ನು ನಿಲ್ಲಿಸಿದ್ದರು. 1939ರ ಆಗಸ್ಟ್‌ನಲ್ಲಿ ನಗರಕ್ಕೆ ಬಂದ ಪಾನನಿಷೇಧ ಪಾರ್ಸಿಗಳನ್ನೂ ಕೆರಳಿಸಿತ್ತು. ದೆಹಲಿಯ ಕಾರಣಕ್ಕೆ ಕೊಟ್ಟ ರಾಜೀನಾಮೆಯನ್ನು ಮುಂಬಯಿಯ ಒಂದೊಂದು ಕೇರಿ ತನ್ನ ತನ್ನ ಕಾರಣಕ್ಕೆ ಸ್ವಾಗತಿಸಿತು ಎನ್ನುವುದೇ ಸರಿ.

ಒಂದು ರಾಜೀನಾಮೆಯಿಂದ ವ್ಯಕ್ತಿ ಏಕಾಏಕಿ ಜನನಾಯಕನಾದ ಉದಾಹರಣೆ ಚಿಂತಾಮಣರಾವ್ ದೇಶಮುಖರದು. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್, ನೆಹರೂ ಸಂಪುಟದ ಹಣಕಾಸು ಸಚಿವ, ಐಸಿಎಸ್ ಶಿಸ್ತಿನ ಮನುಷ್ಯ. ಬೀದಿಯ ರಾಜಕೀಯಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ. ಮುಂಬಯಿ ಯಾವ ರಾಜ್ಯಕ್ಕೆ ಸೇರಬೇಕೆಂಬ ವಿವಾದ ಕಾವೇರಿದ್ದಾಗ, 1955ರ ನವೆಂಬರ್ 20ರಂದು ಚೌಪಾಟಿಯ ಸಭೆಯಲ್ಲಿ ಕಾಂಗ್ರೆಸ್ ನಾಯಕ ಸ. ಕಾ. ಪಾಟೀಲರು ಇನ್ನು ಐದು ಸಾವಿರ ವರ್ಷ ಕಳೆದರೂ ಮುಂಬಯಿ ಮಹಾರಾಷ್ಟ್ರಕ್ಕೆ ಸಿಗದು ಎಂಬರ್ಥದ ಮಾತಾಡಿ ಕಲ್ಲು, ಚಪ್ಪಲಿಗಳ ಮಳೆ ತಂದುಕೊಂಡರು. ಮರುದಿನ ಫ್ಲೋರಾ ಫೌಂಟನ್ ಬಳಿ ಗೋಲಿಬಾರಾಗಿ 15 ಮಂದಿ ಸತ್ತರು. 1956ರ ಜನವರಿ 16ರಂದು ಮುಂಬಯಿ ಕೇಂದ್ರಾಡಳಿತಕ್ಕೆ ಒಳಪಡುತ್ತದೆಂದು ನೆಹರೂ ಬಾನುಲಿಯಲ್ಲಿ ಹೇಳಿದಾಗ ನಗರ ಇನ್ನೊಮ್ಮೆ ಹೊತ್ತಿಕೊಂಡಿತು. ದೇಶಮುಖರು ಆಗಲೇ ರಾಜೀನಾಮೆ ಕೊಡಲು ಹೊರಟಿದ್ದರು, ಹೊರಬಂದದ್ದು ಜುಲೈನಲ್ಲಿ. ಲೋಕಸಭೆಯಲ್ಲಿ ಅವರು ಇಟ್ಟ ಆಕ್ಷೇಪಗಳಲ್ಲಿ ಎರಡು ಮುಖ್ಯ. ಇಷ್ಟು ದೊಡ್ಡ ತೀರ್ಮಾನವನ್ನು ಸಂಪುಟದ ಮುಂದೆ ಇಡದೆ ಘೋಷಿಸಲಾಯಿತು. ಗೋಲಿಬಾರಿನ ಬಗ್ಗೆ ನ್ಯಾಯಾಂಗ ವಿಚಾರಣೆಯನ್ನು ನಿರಾಕರಿಸಲಾಯಿತು.

ಗಿರಣಿಗಳ ಕೇರಿಯಾದ ಗಿರಣಗಾಂವದ ಚಾಳುಗಳಲ್ಲಿ ದೇಶಮುಖರ ಹೆಸರು ಮನೆಮಾತಾಯಿತು. ಆದರೆ ಅವರು ಆ ಅಲೆಯ ಮೇಲೆ ಕೂರಲಿಲ್ಲ. ಯುಜಿಸಿಯ ಅಧ್ಯಕ್ಷರಾಗಿ ದೆಹಲಿಯಲ್ಲೇ ಉಳಿದರು. ಫಸಲು ಕೊಯ್ದದ್ದು ಮುಂಬಯಿ ಸೇರಿದ ಮರಾಠಿ ರಾಜ್ಯಕ್ಕಾಗಿ ಹೋರಾಡುತ್ತಿದ್ದ ಸಂಯುಕ್ತ ಮಹಾರಾಷ್ಟ್ರ ಸಮಿತಿ: 1957ರಲ್ಲಿ ಕಾಮ್ರೇಡ್ ಡಾಂಗೆ ಮುಂಬಯಿಯಿಂದ ಲೋಕಸಭೆಗೆ, ಆಚಾರ್ಯ ಅತ್ರೆ ದಾದರ್‌ನಿಂದ ವಿಧಾನಸಭೆಗೆ ಗೆದ್ದರು. ಕನ್ನಡಿಗರಿಗೆ ಈ ಪ್ರಕರಣದ ನೆನಪು ಬೇರೆ ಬಗೆಯದು. ಅದೇ 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಫೋರ್ಟ್, ಮಾಟುಂಗಾಗಳ ಹೋಟೆಲು, ಕಚೇರಿಗಳಲ್ಲಿ ದುಡಿಯುತ್ತಿದ್ದ ಕನ್ನಡಿಗರು ನಿಂತಲ್ಲೇ ಹೊರರಾಜ್ಯದವರಾದರು.

1962ರದ್ದು ಜೋಡಿ ಪ್ರಕರಣ. ಉತ್ತರ ಮುಂಬಯಿಯ ಮತದಾರರು ಆ ವರ್ಷದ ಆರಂಭದಲ್ಲಷ್ಟೇ ವಿ. ಕೆ. ಕೃಷ್ಣ ಮೆನನ್‌ರನ್ನು ಆಚಾರ್ಯ ಕೃಪಲಾನಿಯವರ ವಿರುದ್ಧ ಭಾರಿ ಅಂತರದಿಂದ ಗೆಲ್ಲಿಸಿದ್ದರು. ನಟ ದಿಲೀಪ್ ಕುಮಾರ್ ಮೆನನ್ ಪರವಾಗಿ ಪ್ರಚಾರಕ್ಕಿಳಿದಿದ್ದರು. ಅಕ್ಟೋಬರಿನಲ್ಲಿ ಚೀನಾ ಯುದ್ಧ ಬಂತು. ಸೋಲಿನ ಹೊಣೆ ರಕ್ಷಣಾ ಸಚಿವರ ತಲೆಗೆ ಬಿದ್ದು ನವೆಂಬರ್ 7ರಂದು ಮೆನನ್ ಸಂಪುಟದಿಂದ ಹೊರಬಿದ್ದರು. ಅವರ ಜಾಗಕ್ಕೆ ನೆಹರೂ ಕರೆದದ್ದು ಮಹಾರಾಷ್ಟ್ರದ ಮುಖ್ಯಮಂತ್ರಿ ಯಶವಂತರಾವ್ ಚವಾಣರನ್ನು. ಅವರೂ ಅವಧಿಯ ನಡುವೆಯೇ ರಾಜೀನಾಮೆ ಕೊಟ್ಟು ಹೋದರು. ಹಿಮಾಲಯದ ನೆರವಿಗೆ ಸಹ್ಯಾದ್ರಿ ಧಾವಿಸಿತು ಎಂದು ಮರಾಠಿಗರು ಆಡಿಕೊಂಡ ಮಾತು ಆಗ ಹುಟ್ಟಿದ್ದು, ಇಂದಿಗೂ ಭಾಷಣಗಳಲ್ಲಿ ಸವೆಯದೆ ಉಳಿದಿದೆ. ಒಂದೇ ತಿಂಗಳಲ್ಲಿ ಒಂದು ನಿರ್ಗಮನಕ್ಕೆ ಶಾಪ, ಇನ್ನೊಂದಕ್ಕೆ ಹೂಹಾರ.

ಮೆನನ್ ಮೇಲಿನ ಸಿಟ್ಟು 1967ರವರೆಗೂ ಆರಲಿಲ್ಲ, ಆದರೆ ಬಣ್ಣ ಬದಲಿಸಿತು. ಕಾಂಗ್ರೆಸ್ ಟಿಕೆಟ್ ನಿರಾಕರಿಸಿದಾಗ ಅವರು ಪಕ್ಷ ಬಿಟ್ಟು ಈಶಾನ್ಯ ಮುಂಬಯಿಯಲ್ಲಿ ಪಕ್ಷೇತರರಾಗಿ ನಿಂತರು, ಸ. ಗೋ. ಬರ್ವೆ ಎದುರು ಸೋತರು. ಬರ್ವೆ ತೀರಿಕೊಂಡ ಮೇಲೆ ನಡೆದ ಉಪಚುನಾವಣೆಯಲ್ಲಿ ಬರ್ವೆಯ ಸಹೋದರಿ ತಾರಾ ಸಪ್ರೆಯವರ ಎದುರೂ ಮೆನನ್ ಸೋತರು. ಹುಟ್ಟಿ ಒಂದು ವರ್ಷವೂ ಆಗದ ಶಿವಸೇನೆಗೆ ಮೆನನ್ ವಿರುದ್ಧ ಯುದ್ಧದ ವೈಫಲ್ಯಕ್ಕಿಂತ ದೊಡ್ಡ ಆಯುಧ ಸಿಕ್ಕಿತ್ತು: ಅವರು ದಕ್ಷಿಣದವರು. ಉಡುಪಿ ಹೋಟೆಲುಗಳ ಗಲ್ಲಾದಲ್ಲಿ ಕೂತವರಿಗೆ ಆ ಮಾತು ಯಾರನ್ನು ಕುರಿತದ್ದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ತಮಾಷೆಯೆಂದರೆ ಅದೇ 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಸ. ಕಾ. ಪಾಟೀಲರಂಥ ಸರದಾರನನ್ನು ಕೆಡವಿದ್ದು ಮಂಗಳೂರಿನ ಜಾರ್ಜ್ ಫರ್ನಾಂಡಿಸ್.

ಸಿಮೆಂಟಿಗೆ ಪಡಿತರವಿದ್ದ ಕಾಲದಲ್ಲಿ ಮುಖ್ಯಮಂತ್ರಿ ಎ. ಆರ್. ಅಂತುಳೆ ಪ್ರಕರಣ ನಡೆಯಿತು. ಅವರಿಗೆ ಸಂಬಂಧಿಸಿದ ಇಂದಿರಾ ಗಾಂಧಿ ಪ್ರತಿಭಾ ಪ್ರತಿಷ್ಠಾನದ ದೇಣಿಗೆಗೂ ಬಿಲ್ಡರುಗಳಿಗೆ ಸಿಕ್ಕ ಸಿಮೆಂಟ್ ಕೋಟಾಕ್ಕೂ ನಂಟಿದೆಯೆಂದು 1981ರ ಆಗಸ್ಟ್ 31ರಂದು ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಅರುಣ್ ಶೌರಿ ಬರೆದರು. 1982ರ ಜನವರಿ 12ರಂದು ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಲೆಂಟಿನ್ ಆ ನಂಟು ಇದೆಯೆಂದೇ ತೀರ್ಪಿತ್ತರು. ಅಂತುಳೆ ರಾಜೀನಾಮೆ ಘೋಷಿಸಿದರು. ಚೀಲ ಸಿಮೆಂಟಿಗಾಗಿ ಕಾದು ಸುಸ್ತಾಗಿದ್ದ ಮಧ್ಯಮವರ್ಗಕ್ಕೆ ಇದು ಸಂಭ್ರಮವೇ. ಆದರೆ ಆರನೆಯ ದಿನ, ಜನವರಿ 18ರಂದು, ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಎರಡೂವರೆ ಲಕ್ಷದಷ್ಟು ಗಿರಣಿ ಕಾರ್ಮಿಕರು ಮುಷ್ಕರಕ್ಕಿಳಿದರು. ಲಾಲಬಾಗ್, ಪರೇಲ್‌ಗಳಲ್ಲಿ ಆಮೇಲೆ ಸಿಮೆಂಟಿನ ಮಾತು ಯಾರಿಗೆ ಬೇಕಿತ್ತು? ಇತ್ತ ಅಂತುಳೆಯ ಸ್ವಂತ ಜಿಲ್ಲೆ ರಾಯಗಡದ ಲೆಕ್ಕಾಚಾರವೇ ಬೇರೆ. ಕುಲಾಬಾ ಎಂಬ ಹೆಸರನ್ನು ಶಿವಾಜಿಯ ರಾಜಧಾನಿಯ ಹೆಸರಿಗೆ ಬದಲಿಸಿದ ಮುಖ್ಯಮಂತ್ರಿಯನ್ನು ಅಲ್ಲಿನವರು ಮರೆಯಲಿಲ್ಲ; 2004ರಲ್ಲೂ ಅವರನ್ನು ಲೋಕಸಭೆಗೆ ಕಳಿಸಿದರು.

ಮುಂದಿನ ಕೆಲವು ಮುಖ್ಯಮಂತ್ರಿಗಳ ನಿರ್ಗಮನಗಳನ್ನು ಬೇಗ ಹೇಳಿ ಮುಗಿಸಬಹುದು. 1986ರಲ್ಲಿ ಶಿವಾಜಿರಾವ್ ಪಾಟೀಲ್ ನಿಲಂಗೇಕರ್ ಮಗಳ ವೈದ್ಯಕೀಯ ಪರೀಕ್ಷೆಯ ಅಂಕಗಳ ವಿವಾದದಲ್ಲಿ ಇಳಿದರು. 1992-93ರ ಗಲಭೆಗಳ ಬಳಿಕ ಸುಧಾಕರರಾವ್ ನಾಯಕ್ ಹೋದಾಗ ನಗರ ಇನ್ನೂ ಹೆಣ ಎಣಿಸುತ್ತಿತ್ತು. ಅವರ ಜಾಗಕ್ಕೆ ಶರದ್ ಪವಾರ್ ಬಂದು ವಾರ ಕಳೆಯುವುದರೊಳಗೆ ಮಾರ್ಚ್ 12ರ ಸರಣಿ ಸ್ಫೋಟಗಳಾದವು. 1999ರ ಆರಂಭದಲ್ಲಿ ಮನೋಹರ್ ಜೋಶಿ ಇಳಿದದ್ದು ಶಿವಸೇನೆಯ ಮುಖ್ಯಸ್ಥ ಬಾಳ ಠಾಕ್ರೆಯವರ ಆದೇಶದ ಮೇಲೆ. ಸರಕಾರದ ‘ರಿಮೋಟ್ ಕಂಟ್ರೋಲ್’ ತನ್ನ ಕೈಯಲ್ಲಿದೆಯೆಂದು ಠಾಕ್ರೆ ಬಹಿರಂಗವಾಗಿಯೇ ಹೇಳುತ್ತಿದ್ದುದರಿಂದ ಯಾರಿಗೂ ಆಶ್ಚರ್ಯವಾಗಲಿಲ್ಲ. ಅದೇ ವರ್ಷ ಜೋಶಿ ಮುಂಬಯಿಯಿಂದಲೇ ಲೋಕಸಭೆಗೆ ಗೆದ್ದರು.

ಮುಂಬಯಿಯ ಜನರೇ ಒತ್ತಾಯಿಸಿ ರಾಜೀನಾಮೆ ಪಡೆದದ್ದು ಎನ್ನಬಹುದಾದ ಪ್ರಕರಣ 2008ರ ನವೆಂಬರ್ 26ರ ಉಗ್ರರ ದಾಳಿಯ ನಂತರದ್ದು. ಸಿಎಸ್‌ಟಿ ನಿಲ್ದಾಣ, ಲಿಯೋಪೋಲ್ಡ್ ಕೆಫೆ, ಕಾಮಾ ಆಸ್ಪತ್ರೆ, ನರಿಮನ್ ಹೌಸ್, ಒಬೆರಾಯ್, ತಾಜ್. 166 ಜನರ ಸಾವು. ಮೂರು ದಿನ ಟಿವಿಯ ಮುಂದೆ ಕೂತ ನಗರ. ಕೇಂದ್ರ ಗೃಹಸಚಿವ ಶಿವರಾಜ್ ಪಾಟೀಲ್ ನವೆಂಬರ್ 30ರಂದು ಹೋದರು. ರಾಜ್ಯದ ಉಪಮುಖ್ಯಮಂತ್ರಿಯೂ ಗೃಹಮಂತ್ರಿಯೂ ಆಗಿದ್ದ ಆರ್. ಆರ್. ಪಾಟೀಲ್ ಉರುಳಿದ್ದು ಒಂದು ವಾಕ್ಯದಿಂದ. ದೊಡ್ಡ ದೊಡ್ಡ ಶಹರಗಳಲ್ಲಿ ಇಂಥ ಒಂದೆರಡು ಘಟನೆ ಆಗುತ್ತಿರುತ್ತವೆ ಎಂದು ಅವರು ಹಿಂದಿಯಲ್ಲಿ ಹೇಳಿದರು. ಕೇಳಿದವರಿಗೆ ಶಾರುಖ್ ಖಾನ್ ಸಿನಿಮಾದ ಸಂಭಾಷಣೆ ನೆನಪಾಯಿತು. ಹೆಣಗಳಿನ್ನೂ ಶವಾಗಾರದಲ್ಲಿದ್ದಾಗ ಆ ನೆನಪು ಕ್ಷಮೆಗೆ ಜಾಗ ಬಿಡಲಿಲ್ಲ. ಸಾಂಗಲಿಯ ತಾಸಗಾಂವದ ಈ ‘ಆಬಾ’ ನಗರದ ಕರಾವಳಿ ಬಾರ್ ಮಾಲೀಕರಿಗೆ 2005ರಿಂದಲೇ, ಡಾನ್ಸ್ ಬಾರುಗಳನ್ನು ಮುಚ್ಚಿಸಿದಂದಿನಿಂದಲೇ, ಬೇಡವಾಗಿದ್ದರು. ಮುಖ್ಯಮಂತ್ರಿ ವಿಲಾಸರಾವ್ ದೇಶಮುಖರನ್ನು ಕೆಳಗಿಳಿಸಿದ್ದು ಒಂದು ದೃಶ್ಯ. ಸುಟ್ಟು ಕರಕಲಾದ ತಾಜ್ ಹೋಟೆಲನ್ನು ನೋಡಲು ಹೋದಾಗ ಅವರ ಜೊತೆಗೆ ನಟನಾದ ಮಗ ರಿತೇಶ್, ಪಕ್ಕದಲ್ಲಿ ನಿರ್ದೇಶಕ ರಾಮ್ ಗೋಪಾಲ್ ವರ್ಮಾ. ಸಿನಿಮಾಕ್ಕೆ ಜಾಗ ನೋಡಲು ಬಂದಂತಿತ್ತೆಂದು ಜನ ಆಡಿಕೊಂಡರು. ಗುಪ್ತಚರ ವೈಫಲ್ಯ, ಕರಾವಳಿ ಕಾವಲಿನ ಕೊರತೆ, ಪೊಲೀಸರ ಹಳೆಯ ಬಂದೂಕು ಇವೆಲ್ಲ ವಿಚಾರಣೆಯ ಕಡತಗಳಿಗೆ ಹೋದವು. ಕುರ್ಚಿ ಅಲುಗಿಸಿದ್ದು ಒಂದು ವಾಕ್ಯ, ಒಂದು ಚಿತ್ರ.

ಡಿಸೆಂಬರ್ 3ರ ಸಂಜೆ, ದಾಳಿಗೆ ಸರಿಯಾಗಿ ವಾರ ತುಂಬಿದ ಬುಧವಾರ, ಗೇಟ್‌ವೇ ಆಫ್ ಇಂಡಿಯಾದ ಎದುರು ಸಾವಿರಾರು ಜನ ಮೇಣದಬತ್ತಿ ಹಿಡಿದು ನೆರೆದರು. ಯಾವ ಪಕ್ಷದ ಬಾವುಟವೂ ಇರಲಿಲ್ಲ. ರಕ್ಷಣೆ ಕೊಡದಿದ್ದರೆ ತೆರಿಗೆ ಕಟ್ಟುವುದಿಲ್ಲ ಎಂಬ ಮಾತೂ ಕೇಳಿಬಂತು. ಸಿಎಸ್‌ಟಿಯಲ್ಲಿ ಸತ್ತವರು ಹೆಚ್ಚಿನಂಶ ಊರಿಗೆ ಹೊರಟ ಬಡ ಪ್ರಯಾಣಿಕರು. ಮೇಣದಬತ್ತಿಗಳು ಮಾತ್ರ ತಾಜ್ ಎದುರಿನಲ್ಲಿ ಉರಿದವು ಎಂಬ ಟೀಕೆ ಆಗಲೇ ಎದ್ದಿತ್ತು, ಅದರಲ್ಲಿ ಹುರುಳಿದೆ. ಐದು ತಿಂಗಳ ನಂತರ, 2009ರ ಏಪ್ರಿಲ್ 30ರಂದು ಲೋಕಸಭೆಗೆ ಮತದಾನವಾದಾಗ ಮುಂಬಯಿಯಲ್ಲಿ ಮತಗಟ್ಟೆಗೆ ಬಂದವರು ಸುಮಾರು ಶೇ. 41. ಆರಕ್ಕೆ ಆರೂ ಸ್ಥಾನಗಳನ್ನು ಕಾಂಗ್ರೆಸ್ ಮತ್ತು ಎನ್‌ಸಿಪಿಯೇ ಗೆದ್ದವು. ವಿಲಾಸರಾವ್ ಕೇಂದ್ರ ಸಚಿವರಾದರು. ಆ ನವೆಂಬರಿನಲ್ಲಿ ಆರ್. ಆರ್. ಪಾಟೀಲ್ ಅದೇ ಗೃಹಖಾತೆಗೆ ಮರಳಿದರು. ವಿಲಾಸರಾವ್ ನಂತರ ಬಂದ ಅಶೋಕ್ ಚವಾಣ್ 2010ರ ನವೆಂಬರಿನಲ್ಲಿ, ಕೊಲಾಬಾದ 31 ಅಂತಸ್ತಿನ ಆದರ್ಶ್ ಕಟ್ಟಡದ ಹಗರಣದಲ್ಲಿ, ತಾವೂ ಇಳಿಯಬೇಕಾಯಿತು.

ಮುಖ್ಯಮಂತ್ರಿ ಉದ್ಧವ್ ಠಾಕ್ರೆಯವರ ರಾಜೀನಾಮೆಯಲ್ಲಿ ಕಣ್ಣೀರು ಮೊದಲು ಬಂತು, ರಾಜೀನಾಮೆ ಆಮೇಲೆ. ಶಿವಸೇನೆಯವರೇ ಆದ ಏಕನಾಥ್ ಶಿಂದೆ ಬಂಡೆದ್ದು ಶಾಸಕರನ್ನು ಕಟ್ಟಿಕೊಂಡು ಸೂರತ್‌ಗೆ, ಅಲ್ಲಿಂದ ಗುವಾಹಟಿಗೆ ಹೋದ ಮೇಲೆ, 2022ರ ಜೂನ್ 22ರ ರಾತ್ರಿ ಉದ್ಧವ್ ಮಲಬಾರ್ ಹಿಲ್‌ನ ಅಧಿಕೃತ ನಿವಾಸ ‘ವರ್ಷಾ’ ಬಿಟ್ಟು ಬಾಂದ್ರಾದ ‘ಮಾತೋಶ್ರೀ’ಗೆ ಹೊರಟರು. ದಾರಿಯುದ್ದಕ್ಕೂ ಶಿವಸೈನಿಕರು ಕಾರಿನ ಮೇಲೆ ಹೂ ಎರಚಿದರು, ಅತ್ತರು. 29ರಂದು ಸುಪ್ರೀಂ ಕೋರ್ಟ್ ಬಹುಮತ ಪರೀಕ್ಷೆಗೆ ತಡೆ ಕೊಡಲು ಒಪ್ಪದಾಗ ಫೇಸ್‌ಬುಕ್ ನೇರಪ್ರಸಾರದಲ್ಲೇ ರಾಜೀನಾಮೆ ಘೋಷಿಸಿ, ತಾವೇ ಕಾರು ಓಡಿಸಿಕೊಂಡು ರಾಜಭವನಕ್ಕೆ ಹೋದರು. ಘನತೆಯಿಂದ ಇಳಿದರೆಂದು ಅಂದು ಮೆಚ್ಚಿದವರು ಅವರ ವಿರೋಧಿಗಳಲ್ಲೂ ಇದ್ದರು. ಆದರೆ 2023ರ ಮೇ 11ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದೇ ಘನತೆಗೆ ಬೆಲೆ ಕಟ್ಟಿತು: ಬಹುಮತ ಪರೀಕ್ಷೆ ಎದುರಿಸದೆ ಸ್ವಇಚ್ಛೆಯಿಂದ ರಾಜೀನಾಮೆ ಕೊಟ್ಟಿದ್ದರಿಂದ ಅವರ ಸರಕಾರವನ್ನು ಮರಳಿ ಕೂರಿಸಲಾಗದು.

ಅದಕ್ಕೆ ಒಂಬತ್ತು ದಿನ ಮೊದಲು, ಮೇ 2ರಂದು, ನರಿಮನ್ ಪಾಯಿಂಟ್‌ನ ಯಶವಂತರಾವ್ ಚವಾಣ್ ಕೇಂದ್ರದಲ್ಲಿ ಶರದ್ ಪವಾರ್ ತಮ್ಮ ಆತ್ಮಕಥೆಯ ಪರಿಷ್ಕೃತ ಆವೃತ್ತಿಯ ಬಿಡುಗಡೆಯಲ್ಲಿ ಎನ್‌ಸಿಪಿ ಅಧ್ಯಕ್ಷ ಸ್ಥಾನ ಬಿಡುವುದಾಗಿ ಹೇಳಿಬಿಟ್ಟರು. ಇದು ಸರಕಾರಿ ಅಧಿಕಾರವಲ್ಲ, ಪಕ್ಷದ ಹುದ್ದೆ. ಆದರೂ ಸಭಾಂಗಣದಲ್ಲಿ ಕಾರ್ಯಕರ್ತರು ಗೋಳಾಡಿದರು, ಹಿಂತೆಗೆದುಕೊಳ್ಳುವವರೆಗೆ ಏಳುವುದಿಲ್ಲವೆಂದು ಕೂತರು. 5ರಂದು ಪವಾರ್ ಹಿಂತೆಗೆದುಕೊಂಡರು. 1992ರಲ್ಲಿ ಬಾಳ ಠಾಕ್ರೆ ತಮ್ಮ ಪಕ್ಷದ ಪತ್ರಿಕೆ ‘ಸಾಮನಾ’ದಲ್ಲಿ ವಿದಾಯ ಬರೆದಾಗಲೂ, 1986ರಲ್ಲಿ ಬೆಂಗಳೂರಿನಲ್ಲಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮರಳಿ ಪಡೆದಾಗಲೂ ನಡೆದದ್ದು ಹೆಚ್ಚುಕಡಿಮೆ ಇದೇ. ಪವಾರ್ ಹಿಂತೆಗೆದುಕೊಂಡ ಎರಡೇ ತಿಂಗಳಲ್ಲಿ, 2023ರ ಜುಲೈ 2ರಂದು, ಅಜಿತ್ ಪವಾರ್ ಎನ್‌ಸಿಪಿಯನ್ನು ಒಡೆದು ಹೋದರು.

ಉದ್ಧವ್ ಇಳಿದ ನಂತರ ಮುಂಬಯಿಯ ಮತದಾರರಿಗೆ ಸಿಕ್ಕ ಮೊದಲ ಅವಕಾಶ 2022ರ ನವೆಂಬರ್ 3ರ ಅಂಧೇರಿ ಪೂರ್ವ ಉಪಚುನಾವಣೆ. ಉದ್ಧವ್ ಬಣದ ಅಭ್ಯರ್ಥಿ ಋತುಜಾ ಲಟಕೆ ಮಹಾನಗರಪಾಲಿಕೆಯ ನೌಕರರು. ಕಣಕ್ಕಿಳಿಯಲು ಅವರು ಕೊಟ್ಟ ರಾಜೀನಾಮೆಯನ್ನು ಪಾಲಿಕೆ ಅಂಗೀಕರಿಸದೆ ಇಟ್ಟುಕೊಂಡಿತ್ತು; ಬಾಂಬೆ ಹೈಕೋರ್ಟ್ ಆದೇಶಿಸಿದ ಮೇಲೆಯೇ ಅದು ಅಂಗೀಕಾರವಾಯಿತು. ಬಿಜೆಪಿ ಕಣದಿಂದ ಹಿಂದೆ ಸರಿಯಿತು. ಮತದಾನ ಶೇ. 31.74. ಲಟಕೆ 66,530 ಮತ ಪಡೆದು ಗೆದ್ದರು. ಎರಡನೆಯ ಸ್ಥಾನ, 12,806 ಮತಗಳೊಂದಿಗೆ, ನೋಟಾದ ಪಾಲಾಯಿತು.